ಹಳೆಯ ಶೆವ್ರೊಲೆ ಪಿಕಪ್ಪಿಗೆ ಡೀಸೆಲ್ ಎಂಜಿನ್: ಮೈಲೇಜಿಗೋಸ್ಕರ ಇಷ್ಟು ಖರ್ಚು ಸರಿಯೇ?

ಬಯಲುಸೀಮೆಯವನು, ಟೆಕ್ಸಾಸ್

ಎಲ್ಲರಿಗೂ ನಮಸ್ಕಾರ. ಊರು ಶಿರಾ ಹತ್ತಿರ, ಈಗಿರುವುದು ಸ್ಯಾನ್ ಆಂಟೋನಿಯೊ ಹೊರವಲಯದಲ್ಲಿ. ಐದು ಎಕರೆ ಜಾಗ, ಹನ್ನೆರಡು ಮೇಕೆ, ಕಳೆದ ವರ್ಷದಿಂದ ಒಂದು 1978ರ ಶೆವ್ರೊಲೆ ಕೆ20 ಪಿಕಪ್. ಮಾರಿದ ಅಜ್ಜ ‘ಇದು ನಿನಗಿಂತ ಹೆಚ್ಚು ಕಾಲ ಬದುಕುತ್ತದೆ’ ಎಂದಿದ್ದರು. ಬದುಕುತ್ತದೆ, ಆದರೆ ಕುಡಿದುಕೊಂಡೇ ಬದುಕುತ್ತದೆ.

350 ಘನ ಇಂಚಿನ, ಅಂದರೆ 5.7 ಲೀಟರಿನ ವಿ8 ಪೆಟ್ರೋಲ್ ಎಂಜಿನ್, ನಾಲ್ಕು ಗೇರಿನ ಎಸ್‌ಎಂ465 ಗೇರ್ ಬಾಕ್ಸ್, 4.10ರ ಕ್ರೌನ್ ಪಿನಿಯನ್ (ಚಕ್ರ ಒಂದು ಸುತ್ತು ತಿರುಗಲು ಶಾಫ್ಟು 4.10 ಸುತ್ತು ತಿರುಗಬೇಕು). ಗ್ಯಾಲನ್ನಿಗೆ 11 ಮೈಲಿ ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ 4.7 ಕಿಲೋಮೀಟರ್. ಊರಿಗೆ ಫೋನು ಮಾಡಿದಾಗ ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟನ್ನು ಲೋಡು ತುಂಬಿದ ಲಾರಿಯೇ ಕೊಡುತ್ತದೆ’ ಎಂದ. ಆ ಮಾತು ತಲೆಯಲ್ಲಿ ಕೊರೆಯುತ್ತಿದೆ.

ಹಳೆಯ ಡಾಡ್ಜ್ ಪಿಕಪ್ಪಿನಿಂದ ಕಮ್ಮಿನ್ಸ್ 5.9 ಲೀಟರ್ ಡೀಸೆಲ್ ಎಂಜಿನ್ ಇಳಿಸಿ ನನ್ನ ಗಾಡಿಗೆ ಕೂರಿಸಲು ಇಲ್ಲೊಬ್ಬರು ಒಟ್ಟು 9,000 ಡಾಲರ್ ಹೇಳಿದ್ದಾರೆ. ವರ್ಷಕ್ಕೆ ಸುಮಾರು 6,000 ಮೈಲಿ ಓಡಿಸುತ್ತೇನೆ. ಹೆಚ್ಚಿನದು ಹೆದ್ದಾರಿಯಲ್ಲಿ, ತಿಂಗಳಿಗೆರಡು ಬಾರಿ ಹುಲ್ಲಿನ ಟ್ರೇಲರ್ ಎಳೆಯುವುದು. ಮಾಡಿಸಬಹುದೇ?

ಪಂಪ್ ಮೇಸ್ತ್ರಿ, ಹುಬ್ಬಳ್ಳಿ

ಆ ಎಂಜಿನ್ನನ್ನು ನೀವು ಅಮೆರಿಕಕ್ಕೆ ಹೋಗಿ ನೋಡಬೇಕಿರಲಿಲ್ಲ. ಟಾಟಾದವರು ಕಮ್ಮಿನ್ಸ್ ಜೊತೆ ಸೇರಿ 1993ರಲ್ಲಿ ಜಮ್ಶೆಡ್‌ಪುರದಲ್ಲಿ ಕಂಪನಿ ಕಟ್ಟಿ, ಇದೇ ಬಿ ಸರಣಿಯ ಆರು ಸಿಲಿಂಡರಿನ 5.9 ಲೀಟರ್ ಎಂಜಿನ್ನನ್ನು ಲಾರಿಗಳಿಗೆ ಹಾಕಿದರು. ಪುಣೆ–ಬೆಂಗಳೂರು ರಸ್ತೆಯಲ್ಲಿ ಓಡಿದ ಎಷ್ಟೋ ಲಾರಿಗಳ ಪಂಪನ್ನು ನಾನೇ ಬಿಚ್ಚಿ ಜೋಡಿಸಿದ್ದೇನೆ. ನಮ್ಮಲ್ಲಿ ಹದಿನಾರು ಟನ್ ಎಳೆದ ಎಂಜಿನ್ನನ್ನು ನೀವು ಹನ್ನೆರಡು ಮೇಕೆಗೆ ಹೂಡಲು ಹೊರಟಿದ್ದೀರಿ. ತಪ್ಪೆನ್ನುವುದಿಲ್ಲ, ನಗು ಬಂತು.

ಡೀಸೆಲ್ ಕಡಿಮೆ ಕುಡಿಯುವುದು ಏಕೆಂದು ಮೊದಲು ತಿಳಿದುಕೊಳ್ಳಿ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಒಂದು ಬಾಗಿಲು ಇರುತ್ತದೆ, ಥ್ರಾಟಲ್. ನೀವು ಮೆಲ್ಲಗೆ ಹೋಗುವಾಗ ಅದು ಮುಕ್ಕಾಲು ಮುಚ್ಚಿರುತ್ತದೆ. ಮೂಗು ಹಿಡಿದುಕೊಂಡು ಓಡಿದ ಹಾಗೆ, ಎಂಜಿನ್ ಉಸಿರೆಳೆಯುವುದಕ್ಕೇ ಶಕ್ತಿ ಕಳೆಯುತ್ತದೆ. ಡೀಸೆಲ್ ಎಂಜಿನ್ನಿಗೆ ಆ ಬಾಗಿಲಿಲ್ಲ. ಗಾಳಿ ತುಂಬ ಬರುತ್ತದೆ, ಎಣ್ಣೆಯನ್ನು ಮಾತ್ರ ಪಂಪು ಅಳೆದು ಕೊಡುತ್ತದೆ. ಒತ್ತಡದ ಅನುಪಾತವೂ, ಅಂದರೆ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬುದೂ, ಹೆಚ್ಚು: ನಿಮ್ಮ ಪೆಟ್ರೋಲ್ ಎಂಜಿನ್ನಿನಲ್ಲಿ ಎಂಟೂಚಿಲ್ಲರೆ, ಇದರಲ್ಲಿ ಹದಿನೇಳರ ಆಸುಪಾಸು. ಜೊತೆಗೆ ಒಂದು ಗ್ಯಾಲನ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ಶೇಕಡ 13ರಷ್ಟು ಹೆಚ್ಚು ಶಾಖವಿದೆ. ಈ ಮೂರೂ ಸೇರಿ ಮೈಲೇಜು.

ಎಂಜಿನ್ ಕೊಳ್ಳುವ ಮೊದಲು ಪಂಪು ಯಾವುದೆಂದು ನೋಡಿ. 1989ರಿಂದ 1993ರವರೆಗೆ ಡಾಡ್ಜಿನಲ್ಲಿ ಬಂದದ್ದು ಬಾಷ್‌ನ ವಿಇ, ದುಂಡನೆಯ ರೋಟರಿ ಪಂಪು. 1994ರಿಂದ 1998ರವರೆಗೆ ಪಿ7100, ಉದ್ದನೆಯ ಸಾಲು ಪಂಪು. ಸಾಲು ಪಂಪು ಎಂದರೆ ನನಗೆ ಸ್ವಲ್ಪ ಪಕ್ಷಪಾತ. ಬೆಂಗಳೂರಿನ ಆಡುಗೋಡಿಯ ಮೈಕೋ ಪಂಪುಗಳ ಮೇಲೆಯೇ ಕೈ ಪಳಗಿದವನು ನಾನು. ಆದರೆ ನಿಮ್ಮ ಕೆಲಸಕ್ಕೆ ವಿಇ ಸಾಕು, ಮೈಲೇಜಿಗೂ ಒಳ್ಳೆಯದು. 1998ರ ಮಧ್ಯದಲ್ಲಿ ಬಂದ ಇಪ್ಪತ್ನಾಲ್ಕು ವಾಲ್ವಿನ ಎಂಜಿನ್ನಿನ ತಂಟೆಗೆ ಹೋಗಬೇಡಿ. ಅದರ ಪಂಪಿನೊಳಗೆ ಕಂಪ್ಯೂಟರ್ ಕುಳಿತಿದೆ.

ಕಡತದ ಲೆಕ್ಕಿಗ, ಬೆಂಗಳೂರು

ಎಂಜಿನ್ ನನಗೆ ತಿಳಿಯದು, ಭಾಗಾಕಾರ ತಿಳಿಯುತ್ತದೆ.

ಪೆಟ್ರೋಲ್ ಗ್ಯಾಲನ್ನಿಗೆ 3.20 ಡಾಲರ್, ಡೀಸೆಲ್ 3.80 ಎಂದಿಟ್ಟುಕೊಳ್ಳೋಣ. ನಿಮ್ಮ ಊರಿನ ದರ ಬೇರೆಯಿದ್ದರೆ ಬದಲಿಸಿಕೊಳ್ಳಿ. 6,000 ಮೈಲಿಗೆ ಈಗ 545 ಗ್ಯಾಲನ್, 1,745 ಡಾಲರ್. ಡೀಸೆಲ್ ಹಾಕಿದ ಮೇಲೆ 18 ಮೈಲಿ ಬಂದರೆ 333 ಗ್ಯಾಲನ್, 1,267 ಡಾಲರ್. ವರ್ಷಕ್ಕೆ ಉಳಿಯುವುದು 478 ಡಾಲರ್. ಹಾಕಿದ 9,000 ಹಿಂದಕ್ಕೆ ಬರಲು ಹತ್ತಿರ ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ನಿಮ್ಮ ಗಾಡಿಗೆ ಅರವತ್ತೈದು ದಾಟಿರುತ್ತದೆ.

ವರ್ಷಕ್ಕೆ 15,000 ಮೈಲಿ ಓಡಿಸುವವರಾಗಿದ್ದರೆ ಏಳೂವರೆ ವರ್ಷ. ಆಗ ಯೋಚಿಸಬಹುದಿತ್ತು.

ಮೈಲೇಜಿನ ಅಂಕಿ ನಮ್ಮನ್ನು ಇನ್ನೊಂದು ರೀತಿಯಲ್ಲೂ ಏಮಾರಿಸುತ್ತದೆ. 10ರಿಂದ 15ಕ್ಕೆ ಏರಿದರೆ ನೂರು ಮೈಲಿಗೆ 3.3 ಗ್ಯಾಲನ್ ಉಳಿಯುತ್ತದೆ. 20ರಿಂದ 30ಕ್ಕೆ ಏರಿದರೆ ಉಳಿಯುವುದು ಅದರ ಅರ್ಧ. ಆದ್ದರಿಂದ ನಿಮ್ಮಂಥ ಹೊಟ್ಟೆಬಾಕ ಗಾಡಿಯಲ್ಲಿ ಎರಡು ಮೈಲಿ ಹೆಚ್ಚಿಸಿಕೊಂಡರೂ ಜೇಬಿಗೆ ಗೊತ್ತಾಗುತ್ತದೆ. ಆ ಎರಡು ಮೈಲಿಯನ್ನು ಅಗ್ಗವಾಗಿ ಪಡೆಯಲು ದಾರಿಯಿದೆಯೇ ಎಂದು ಮೇಸ್ತ್ರಿಗಳನ್ನು ಕೇಳಿ.

ಬಯಲುಸೀಮೆಯವನು, ಟೆಕ್ಸಾಸ್

ಲೆಕ್ಕಿಗರೇ, ತಣ್ಣೀರೆರಚಿದಿರಿ. ಆದರೆ 18 ಎಂದು ಏಕೆ ಹಿಡಿದಿರಿ? ಎಂಜಿನ್ ಬದಲಿಸಿದವರು 22, 24 ಎಂದೆಲ್ಲ ಹೇಳುತ್ತಾರಲ್ಲ.

ಎರಡೂ ಆಕ್ಸಲ್, ಒರೆಗಾನ್

ನಾನೂ 20 ಎಂದು ಒಂದು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದವನೇ. ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಿದ್ದು ಮೀಟರು.

ನನ್ನದೂ ಕೆ20, 1984ರದು. 1991ರ ಡಾಡ್ಜ್ ಡಬ್ಲ್ಯು250 ಒಂದನ್ನು ಗುಜರಿಯಿಂದ ತಂದು, ಅದರ ಎಂಜಿನ್, ಐದು ಗೇರಿನ ಗೆಟ್ರಾಗ್ ಗೇರ್ ಬಾಕ್ಸ್, ಎನ್‌ಪಿ205 ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಎರಡೂ ಆಕ್ಸಲಿಗೆ ಹಂಚುವ ಡಬ್ಬಿ) ಮೂರನ್ನೂ ಒಟ್ಟಿಗೆ ಎತ್ತಿ ನನ್ನ ಚಾಸಿಗೆ ಕೂರಿಸಿದೆ. ಡಾಡ್ಜಿನಲ್ಲೂ ಶೆವ್ರೊಲೆಯಲ್ಲೂ ಮುಂದಿನ ಆಕ್ಸಲಿನ ಗುಂಡು (ಡಿಫರೆನ್ಷಿಯಲ್) ಬಲಗಡೆಗೇ ಇರುವುದರಿಂದ ಇದು ಸಾಧ್ಯ. ಆದರೆ ಮೀಟರಿನ ಕೇಬಲ್ ತಿರುಗುವುದು ಟ್ರಾನ್ಸ್‌ಫರ್ ಕೇಸಿನ ಸಣ್ಣ ಪ್ಲಾಸ್ಟಿಕ್ ಗೇರಿನಿಂದ. ಆ ಗೇರು ಡಾಡ್ಜಿನ 3.54ರ ಆಕ್ಸಲಿಗೆ ಅಳತೆ ಮಾಡಿದ್ದು, ನನ್ನ ಆಕ್ಸಲು 4.10. ಹಾಗಾಗಿ ಓಡಿದ ಪ್ರತಿ 100 ಮೈಲಿಗೂ ಮೀಟರು 116 ತೋರಿಸುತ್ತಿತ್ತು. ಹೆದ್ದಾರಿಯ ಮೈಲಿಗಲ್ಲುಗಳ ಜೊತೆ ಹೋಲಿಸಿ ನೋಡಿದ ದಿನ ನನ್ನ 20.3 ಮೈಲಿ 17.5ಕ್ಕೆ ಇಳಿಯಿತು. ಲೀಟರಿಗೆ 7.4 ಕಿಲೋಮೀಟರ್. ಹಳೆಯ ಪೆಟ್ರೋಲ್ ಎಂಜಿನ್ 10.5 ಕೊಡುತ್ತಿದ್ದುದರಿಂದ ಇದೂ ಸಣ್ಣ ಏರಿಕೆಯಲ್ಲ. ಆದರೆ ಹೆಮ್ಮೆಯೇನೋ ಅಂದೇ ಇಳಿಯಿತು. ಇನ್ನು ಮುಂದೆ ಯಾರಾದರೂ 24 ಎಂದರೆ, ‘ಮೀಟರಿನ ಗೇರು ಬದಲಿಸಿದಿರಾ’ ಎಂದು ಮೊದಲು ಕೇಳಿ.

ಈಗ ಕೊಟೇಷನ್ನಿನ ವಿಷಯ. 9,000 ಡಾಲರಿನಲ್ಲಿ ಇವೆಲ್ಲ ಸೇರಿವೆಯೇ ಎಂದು ಕೇಳಿ.

ತೂಕ. ನಿಮ್ಮ ಪೆಟ್ರೋಲ್ ಎಂಜಿನ್ 260 ಕಿಲೋ ಇದ್ದರೆ ಕಮ್ಮಿನ್ಸ್ 500 ಕಿಲೋ. ಮುಂದಿನ ಆಕ್ಸಲಿನ ಮೇಲೆ ಹತ್ತಿರ ಐದು ಮೂಟೆ ಸಿಮೆಂಟು ಹೇರಿದಂತೆ. ಮೂಗಿಗಿಂತ ಮೂಗುತಿ ಭಾರ. ನನ್ನ ಮುಂದಿನ ಸ್ಪ್ರಿಂಗುಗಳು ಒಂದೇ ತಿಂಗಳಲ್ಲಿ ನೆಲ ನೋಡಿದವು. ಬೇರೆ ಸ್ಪ್ರಿಂಗ್ ಸೆಟ್ಟು, ಶಾಕ್ ಅಬ್ಸಾರ್ಬರ್, ಸ್ಟೀರಿಂಗ್ ಬಾಕ್ಸ್ ಕೂರುವಲ್ಲಿ ಚಾಸಿಗೆ ಹೆಚ್ಚುವರಿ ತಗಡು, ಎಲ್ಲ ಬೇಕಾಯಿತು.

ಬ್ರೇಕು. ಇದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಪೆಟ್ರೋಲ್ ಎಂಜಿನ್ನಿನ ಆ ಮುಚ್ಚಿದ ಬಾಗಿಲಿನ ಹಿಂದೆ ಹುಟ್ಟುವ ನಿರ್ವಾತವೇ ಬ್ರೇಕ್ ಬೂಸ್ಟರಿಗೆ ಬಲ. ಡೀಸೆಲಿಗೆ ಬಾಗಿಲಿಲ್ಲ, ನಿರ್ವಾತವೂ ಇಲ್ಲ. ಡಾಡ್ಜಿನವರು ಅದಕ್ಕೆಂದೇ ಬೇರೆ ಪಂಪು ಇಟ್ಟಿದ್ದರು, ನಾನು ಅದರ ಪೈಪನ್ನು ಜೋಡಿಸುವುದನ್ನೇ ಮರೆತಿದ್ದೆ. ಮೊದಲ ದಿನ ಮನೆಯ ಇಳಿಜಾರಿನಲ್ಲಿ ಎರಡೂ ಕಾಲಲ್ಲಿ ಬ್ರೇಕು ತುಳಿದು ಬೇಲಿಗೆ ಮೂರಡಿ ಮುಂಚೆ ನಿಂತೆ. ಹೆಂಡತಿ ವರಾಂಡದಲ್ಲಿ ಕಾಫಿ ಹಿಡಿದು ನೋಡುತ್ತಿದ್ದಳು.

ಮೂರನೆಯದು ಒಂದು ಉಕ್ಕಿನ ಕಡ್ಡಿ. ಈ ಹನ್ನೆರಡು ವಾಲ್ವಿನ ಎಂಜಿನ್ನುಗಳಲ್ಲಿ ಟೈಮಿಂಗ್ ಗೇರುಗಳ ಡಬ್ಬಿಯನ್ನು ಸರಿಯಾದ ಜಾಗದಲ್ಲಿ ಹಿಡಿಯಲು ಸಣ್ಣ ಡೋವೆಲ್ ಪಿನ್ ಇರುತ್ತದೆ. ವರ್ಷಾಂತರದಲ್ಲಿ ಅದು ಹೊರಗೆ ಜರುಗಿ ಗೇರುಗಳ ನಡುವೆ ಬೀಳಬಹುದು. ಬಿದ್ದರೆ ಡಬ್ಬಿ ಒಡೆಯಬಹುದು, ಎಂಜಿನ್ನಿಗೂ ಕುತ್ತು. ಎಂಜಿನ್ ಹೊರಗಿರುವಾಗಲೇ ಅದರ ಬಾಯಿಗೆ ಒಂದು ತಗಡಿನ ಪಟ್ಟಿ ಬಿಗಿದರೆ ಮುಗಿಯಿತು. ಕೆಲವು ಡಾಲರಿನ ಕೆಲಸ, ಆದರೆ ಗಾಡಿಯೊಳಗೆ ಕೂರಿಸಿದ ಮೇಲೆ ನೆನಪಾದರೆ ಎರಡು ದಿನದ ಕೆಲಸ.

ಇನ್ನು ರೇಡಿಯೇಟರ್, ಇಂಟರ್‌ಕೂಲರ್, ಟ್ಯಾಂಕಿಗೆ ಹಿಂದಿರುಗುವ ಡೀಸೆಲ್ ಪೈಪು, ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟಿನ ಉದ್ದ... ನನಗೆ ಕೊಟೇಷನ್ ಕೊಟ್ಟಿದ್ದ ಗ್ಯಾರೇಜಿನವರು ಹೇಳಿದ್ದರ ಮೇಲೆ ಸರಿಯಾಗಿ ಇನ್ನರ್ಧ ಖರ್ಚಾಯಿತು. ಕೊನೆಗೆ ಗಾಡಿಯನ್ನು ಅವರಿಂದ ತಂದು ನಾನೇ ಮುಗಿಸಿದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಕಾಫಿ ಕಣ, ಸಕಲೇಶಪುರ

ನಮ್ಮ ಕಡೆ ಇದನ್ನು ಐವತ್ತು ಬಾರಿ ನೋಡಿದ್ದೇವೆ. ಎಸ್ಟೇಟಿನ ಹಳೆಯ ಪೆಟ್ರೋಲ್ ಜೀಪುಗಳ ಹರಿಕೇನ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸದ ಗ್ಯಾರೇಜು ಮಲೆನಾಡಿನಲ್ಲಿ ಇರಲಿಲ್ಲ. ಆಮೇಲೆ ಮಹೀಂದ್ರದವರೇ 540 ಜೀಪಿನಲ್ಲಿ ಪೂಜೊ 2.1 ಲೀಟರ್ ಡೀಸೆಲ್ ಹಾಕಿ ಕೊಟ್ಟರು. ನಮ್ಮ ತಂದೆಯ ಜೀಪಿಗೂ ಬದಲಿಸಿದ್ದರು. ಬೆಳಗ್ಗೆ ಆರು ಗಂಟೆಗೆ ಅದನ್ನು ಚಾಲೂ ಮಾಡಿದರೆ ಕಣಿವೆಯ ಆಚೆಯ ಎಸ್ಟೇಟಿನವರೂ ಏಳುತ್ತಿದ್ದರು.

ಆದರೆ ನಾವು ಮಾಡಿದ್ದಕ್ಕೆ ಕಾರಣ ಬೇರೆ. ಆಗ ಸರ್ಕಾರ ಡೀಸೆಲ್ ದರವನ್ನು ಹಿಡಿದಿಟ್ಟಿತ್ತು, ಪೆಟ್ರೋಲಿಗಿಂತ ಎಷ್ಟೋ ಅಗ್ಗ. ಮೈಲೇಜಿನ ಲಾಭ ಒಂದಾದರೆ ದರದ ಲಾಭ ಇನ್ನೊಂದು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ನಿಯಂತ್ರಣ ತೆಗೆದ ಮೇಲೆ ಆ ಹಳೆಯ ಅಂತರ ಉಳಿಯಲಿಲ್ಲ. ನಿಮ್ಮ ಅಮೆರಿಕದಲ್ಲಂತೂ ಪರಿಸ್ಥಿತಿ ತಲೆಕೆಳಗು: ಒಕ್ಕೂಟ ಸರ್ಕಾರದ ತೆರಿಗೆಯೇ ಪೆಟ್ರೋಲಿಗೆ ಗ್ಯಾಲನ್ನಿಗೆ 18.4 ಸೆಂಟು, ಡೀಸೆಲಿಗೆ 24.4. ನಮ್ಮ ಊರಿನ ಉಪಾಯವನ್ನು ಆ ಊರಿಗೆ ಒಯ್ದರೆ ಫಲಿಸಬೇಕೆಂದಿಲ್ಲ.

ಅಂದಹಾಗೆ, ಈಗ ಇಲ್ಲಿ ಯಾರಾದರೂ ಓದಿ ಉತ್ಸಾಹಗೊಂಡರೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆಯಿಲ್ಲದೆ ಬೇರೆ ಎಂಜಿನ್ ಕೂರಿಸುವಂತಿಲ್ಲ.

ಹಿಮದೂರು, ಮಿನ್ನೆಸೋಟ

ಬಯಲುಸೀಮೆಯವರೇ, ಕಮ್ಮಿನ್ಸ್ ಮೋಹ ಬಿಡಿ. ನಿಮ್ಮ ಗಾಡಿಗೆ ಮನೆಯವರದೇ ಒಂದು ಡೀಸೆಲ್ ಎಂಜಿನ್ ಇದೆ. ಜನರಲ್ ಮೋಟರ್ಸಿನವರು 1982ರಿಂದ ಇದೇ ಆಕಾರದ ಪಿಕಪ್ಪುಗಳಲ್ಲಿ ಕೊಟ್ಟ 6.2 ಲೀಟರ್ ಡೆಟ್ರಾಯಿಟ್ ಡೀಸೆಲ್ ವಿ8. ಸೈನ್ಯಕ್ಕೆ ಕೊಟ್ಟ ಎಂ1008 ಪಿಕಪ್ಪುಗಳಲ್ಲೂ ಅದೇ, ಮೊದಲ ಹಮ್ವಿಗಳಲ್ಲೂ ಅದೇ. ನಿಮ್ಮ ಈಗಿನ ಗೇರ್ ಬಾಕ್ಸಿಗೆ ಬೋಲ್ಟುಗಳು ನೇರವಾಗಿ ಕೂರುತ್ತವೆ, ಅಡಾಪ್ಟರ್ ತಗಡು ಬೇಕಿಲ್ಲ. ತೂಕವೂ ಕಮ್ಮಿನ್ಸಿಗಿಂತ ಬಹಳ ಕಡಿಮೆ. ಖರ್ಚು ಮೂರರಲ್ಲೊಂದು.

ಶಕ್ತಿ ಕೇಳಬೇಡಿ. 130 ಅಶ್ವಶಕ್ತಿ, ಟರ್ಬೊ ಇಲ್ಲ. ಟ್ರೇಲರ್ ಕಟ್ಟಿ ಏರು ಹತ್ತುವಾಗ ಹಿಂದಿನವರು ಹಾರನ್ ಹೊಡೆಯುತ್ತಾರೆ, ಕಿಟಕಿ ಏರಿಸಿಕೊಳ್ಳಿ. ಎಣ್ಣೆಯನ್ನು ಸಿಲಿಂಡರಿಗೆ ನೇರವಾಗಿ ಚಿಮ್ಮಿಸದೆ ಪಕ್ಕದ ಸಣ್ಣ ಕೋಣೆಯಲ್ಲಿ ಉರಿಸುವ ಹಳೆಯ ವಿಧಾನವಾದ್ದರಿಂದ, ಸ್ವಲ್ಪ ಶಾಖ ಆ ಗೋಡೆಗಳಿಗೇ ಹೋಗುತ್ತದೆ. ಆದರೂ ಹಗುರವಾಗಿ ಓಡಿಸಿದರೆ 17–18 ಮೈಲಿ ನನ್ನ ಗಾಡಿ ಕೊಟ್ಟಿದೆ. ಚಾಲೂ ಮಾಡುವ ಮುನ್ನ ಆ ಕೋಣೆಯನ್ನು ಬಿಸಿ ಮಾಡುವ ಹಳೆಯ ಗ್ಲೋ ಪ್ಲಗ್ಗಿನ ತುದಿ ಊದಿಕೊಂಡು ಒಳಗೇ ಸಿಕ್ಕಿಕೊಳ್ಳುತ್ತದೆ, ಮೊದಲೇ ಬದಲಿಸಿ. ನನ್ನಂತೆ ಚಳಿಯ ನಾಡಿನಲ್ಲಿ ಡೀಸೆಲ್ ಗಟ್ಟಿಯಾಗುವ ಗೋಳು ನಿಮಗಿಲ್ಲ.

ಎರಡನೇ ಗೇರ್, ನ್ಯೂಜೆರ್ಸಿ

ಆ ಜನರಲ್ ಮೋಟರ್ಸ್ ಡೀಸೆಲ್ಲುಗಳು ಹೆಡ್ ಬೋಲ್ಟ್ ಕಿತ್ತುಕೊಂಡು ಹಾಳಾಗುತ್ತಿದ್ದುವಲ್ಲವೇ? ಅಮೆರಿಕದವರು ಡೀಸೆಲ್ ಕಾರೆಂದರೆ ಮೂಗು ಮುರಿಯುವಂತೆ ಮಾಡಿದ್ದೇ ಅವು. ಇಂಥದ್ದನ್ನು ಶಿಫಾರಸು ಮಾಡುವುದೇ?

ಹಿಮದೂರು, ಮಿನ್ನೆಸೋಟ

ನೀವು ಹೇಳುತ್ತಿರುವುದು 1978ರಿಂದ 1985ರವರೆಗೆ ಬಂದ, ಅದೇ ಕಂಪನಿಯ ಓಲ್ಡ್ಸ್‌ಮೊಬೈಲ್ 5.7 ಲೀಟರ್ ಡೀಸೆಲ್. ಪೆಟ್ರೋಲ್ ಎಂಜಿನ್ನಿನ ವಿನ್ಯಾಸದಿಂದ ಬಂದದ್ದು, ಹೆಡ್ ಬೋಲ್ಟುಗಳ ಸಂಖ್ಯೆ ಹಳೆಯದೇ, ಡೀಸೆಲಿನಲ್ಲಿರುವ ನೀರು ಬೇರ್ಪಡಿಸುವ ಏರ್ಪಾಡೂ ಸರಿಯಿರಲಿಲ್ಲ. 6.2 ಬೇರೆಯೇ ಎಂಜಿನ್, ಮೊದಲಿನಿಂದಲೂ ಡೀಸೆಲಿಗೆಂದೇ ಎರಕ ಹೊಯ್ದದ್ದು. ಅದಕ್ಕೂ ಕಾಯಿಲೆಗಳಿವೆ, ಕ್ರ್ಯಾಂಕು ಕೂರುವಲ್ಲಿ ಬ್ಲಾಕು ಸೀಳುವುದು ಒಂದು. ಆದರೆ ತಮ್ಮ ಮಾಡಿದ ಸಾಲವನ್ನು ಅಣ್ಣನ ತಲೆಗೆ ಕಟ್ಟಬೇಡಿ.

ಎರಡನೇ ಗೇರ್, ನ್ಯೂಜೆರ್ಸಿ

ಸರಿ, ತಮ್ಮ ಯಾರು ಅಣ್ಣ ಯಾರು ಎಂಬುದರಲ್ಲೂ ತಪ್ಪಿದ್ದೀರಿ. ಹಳೆಯದು ಓಲ್ಡ್ಸ್‌ಮೊಬೈಲಿನದು, ಅದೇ ಅಣ್ಣ. ಉಳಿದದ್ದಕ್ಕೆ ನಾನು ಸೋತೆ.

ಕಡತದ ಲೆಕ್ಕಿಗ, ಬೆಂಗಳೂರು

ನಡುವೆ ಬರುತ್ತೇನೆ, ಕ್ಷಮಿಸಿ. ಗೇರಿನ ಸೂತ್ರ ಸಿಕ್ಕಿತು, ರಾತ್ರಿ ಕುಳಿತು ಹಾಕಿದೆ. ಬಯಲುಸೀಮೆಯವರ ಟಯರು 31 ಇಂಚು ಎಂದುಕೊಂಡರೆ, 4.10ರ ಕ್ರೌನ್ ಪಿನಿಯನ್ನಿನಲ್ಲಿ ನೇರ ನಾಲ್ಕನೇ ಗೇರಿಗೆ ಗಂಟೆಗೆ 65 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,890 ಸುತ್ತು ತಿರುಗುತ್ತದೆ. ಮೇಸ್ತ್ರಿಗಳೇ, ಕಮ್ಮಿನ್ಸ್ ಇದನ್ನು ತಡೆಯುತ್ತದೆಯೇ?

ಪಂಪ್ ಮೇಸ್ತ್ರಿ, ಹುಬ್ಬಳ್ಳಿ

ತಡೆಯುವುದಿಲ್ಲ. ಡಾಡ್ಜಿನ 160 ಅಶ್ವಶಕ್ತಿ ಬರುವುದೇ 2,500ಕ್ಕೆ, ಅದರ ಮೇಲೆ ಹೋದರೆ ವೇಗವನ್ನು ಮಿತಿಯಲ್ಲಿಡುವ ಗವರ್ನರ್ ಎಣ್ಣೆ ಕಡಿಮೆ ಮಾಡುತ್ತ ಬರುತ್ತದೆ. ಆ ಎಂಜಿನ್ನಿನ ನಿಜವಾದ ಎಳೆತ 1,700ರ ಹತ್ತಿರ. ಇರುವ ಗೇರ್ ಬಾಕ್ಸಿಗೇ ಕಮ್ಮಿನ್ಸ್ ಹಾಕಿದರೆ ಗಾಡಿ 55 ದಾಟುವಾಗಲೇ ಕಿರುಚಲು ಶುರುಮಾಡುತ್ತದೆ. ಓವರ್‌ಡ್ರೈವ್ ಇರುವ, ಅಂದರೆ ಕೊನೆಯ ಗೇರಿನಲ್ಲಿ ಎಂಜಿನ್ ಶಾಫ್ಟಿಗಿಂತ ನಿಧಾನವಾಗಿ ತಿರುಗುವ, ಗೇರ್ ಬಾಕ್ಸ್ ಕಡ್ಡಾಯ. ಎನ್‌ವಿ4500 ಹಾಕಿ, ಅದರ ಐದನೇ ಗೇರು 0.73. ಲೆಕ್ಕಿಗರೇ, ಈಗ ಗುಣಿಸಿ.

ಕಡತದ ಲೆಕ್ಕಿಗ, ಬೆಂಗಳೂರು

2,110. ಆದರೆ ಮೇಸ್ತ್ರಿಗಳೇ, ಆ ಗೇರ್ ಬಾಕ್ಸನ್ನು ಈಗಿರುವ ಪೆಟ್ರೋಲ್ ಎಂಜಿನ್ನಿನ ಹಿಂದೆ ಹಾಕಿದರೂ 2,110 ತಾನೇ? ಹಾಗಾದರೆ ಡೀಸೆಲಿಗೆ ಸಲ್ಲುತ್ತಿರುವ ಮೈಲೇಜಿನಲ್ಲಿ ಒಂದು ಪಾಲು ಗೇರ್ ಬಾಕ್ಸಿನದು.

ಪಂಪ್ ಮೇಸ್ತ್ರಿ, ಹುಬ್ಬಳ್ಳಿ

ಇದನ್ನು ನಾನು ಹೇಳಬೇಕಿತ್ತು. ನೀವು ಹೇಳಿದಿರಿ.

ಸುಮ್ಮನೆ ಓದುವವಳು, ಹ್ಯೂಸ್ಟನ್

ಮೂರು ದಿನದಿಂದ ಓದುತ್ತಿದ್ದೇನೆ. ಒಂದು ಪ್ರಶ್ನೆ. ಬಯಲುಸೀಮೆಯವರೇ, ನೀವು ಎಷ್ಟು ವೇಗವಾಗಿ ಓಡಿಸುತ್ತೀರಿ? ಯಾರೂ ಕೇಳಲಿಲ್ಲ.

ಬಯಲುಸೀಮೆಯವನು, ಟೆಕ್ಸಾಸ್

ಮೇಡಂ, ಇಲ್ಲಿ ಎಲ್ಲರೂ 75ರಲ್ಲಿ ಹೋಗುತ್ತಾರೆ.

ಸುಮ್ಮನೆ ಓದುವವಳು, ಹ್ಯೂಸ್ಟನ್

ಎಲ್ಲರ ಗಾಡಿಯ ಮುಖ ಗೋದ್ರೆಜ್ ಬೀರುವಿನಂತೆ ಚೌಕವಾಗಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಸಮನಾಗಿ ಏರುತ್ತದೆ. 60ರ ಬದಲು 75ರಲ್ಲಿ ಹೋದರೆ ಪ್ರತಿ ಮೈಲಿಗೂ ಗಾಳಿಯ ವಿರುದ್ಧ ಮಾಡುವ ಕೆಲಸ ಶೇಕಡ 56 ಹೆಚ್ಚು. ಎಂಜಿನ್ ಇಳಿಸುವ ಮುಂಚೆ ಒಂದು ಟ್ಯಾಂಕು ಪೆಟ್ರೋಲನ್ನು 60ರಲ್ಲಿ ಓಡಿಸಿ ನೋಡಿ. ಇದಕ್ಕೆ ಕೊಟೇಷನ್ ಬೇಕಿಲ್ಲ.

ಬಂಗಾರದ ರಾಜ್ಯ, ಸ್ಯಾನ್ ಹೋಸೆ

ಕ್ಯಾಲಿಫೋರ್ನಿಯಾದವರು ಯಾರಾದರೂ ಓದುತ್ತಿದ್ದರೆ ಒಂದು ಎಚ್ಚರಿಕೆ. ಇಲ್ಲಿ 1976 ಮತ್ತು ನಂತರದ ಪೆಟ್ರೋಲ್ ಗಾಡಿಗಳಿಗೆ ಹೊಗೆ ಪರೀಕ್ಷೆ ಇದೆ, ಡೀಸೆಲಿಗೆ 1998 ಮತ್ತು ನಂತರದವಕ್ಕೆ ಮಾತ್ರ. ಅದನ್ನು ಓದಿ, ಹಳೆಯ ಪೆಟ್ರೋಲ್ ಗಾಡಿಗೆ ಡೀಸೆಲ್ ಕೂರಿಸಿದರೆ ಪರೀಕ್ಷೆಯಿಂದಲೇ ಪಾರಾಗಬಹುದೆಂದು ನಾನು ಹಿಗ್ಗಿದ್ದೆ. ಆದರೆ ಎಂಜಿನ್ ಬದಲಿಸಿದ ಗಾಡಿಯನ್ನು ಮೊದಲು ರೆಫರಿಯ, ಅಂದರೆ ಇಂಥ ಗಾಡಿಗಳನ್ನು ಪರೀಕ್ಷಿಸುವವರ, ಮುಂದೆ ನಿಲ್ಲಿಸಬೇಕು. ಹೊಸದಾಗಿ ಕೂರಿಸಿದ ಎಂಜಿನ್ ಗಾಡಿಯ ವರ್ಷದ್ದೋ ಅದಕ್ಕಿಂತ ಈಚಿನದ್ದೋ ಆಗಿರಬೇಕು, ಅದರ ಜೊತೆ ಬಂದ ಹೊಗೆ ನಿಯಂತ್ರಣದ ಸಾಮಾನೆಲ್ಲ ಇರಬೇಕು. ಹಿಗ್ಗು ಅಲ್ಲಿಗೆ ನಿಂತಿತು.

ಬಯಲುಸೀಮೆಯವನು, ಟೆಕ್ಸಾಸ್

ಹದಿನೈದು ದಿನದ ವರದಿ.

60ರಲ್ಲಿ ಓಡಿಸಿದೆ. ಬಲಗಡೆಯ ಸಾಲಿನಲ್ಲಿ, ಎಲ್ಲರಿಂದ ಬೈಸಿಕೊಂಡು. 12.4 ಬಂತು.

ಆಮೇಲೆ ಪಂಪ್ ಮೇಸ್ತ್ರಿಯವರು ನನಗೆ ಖಾಸಗಿಯಾಗಿ ಬರೆದು, ‘ಡಿಸ್ಟ್ರಿಬ್ಯೂಟರಿನ ಪಕ್ಕದ ತಟ್ಟೆಯಂಥ ಡಬ್ಬಿಗೆ ಹೋಗುವ ರಬ್ಬರ್ ಪೈಪಿನ ಚಿತ್ರ ಕಳಿಸಿ’ ಎಂದರು. ಚಿತ್ರ ತೆಗೆಯಲು ಹೋದರೆ ಪೈಪೇ ಇಲ್ಲ. ಯಾರೋ ಯಾವ ಕಾಲದಲ್ಲೋ ಕಿತ್ತು, ಬಾಯಿಗೆ ಒಂದು ಸ್ಕ್ರೂ ತುರುಕಿದ್ದಾರೆ. ಹಗುರವಾಗಿ ಓಡುವಾಗ ಕಿಡಿಯನ್ನು ಮುಂಚಿತವಾಗಿ ಕೊಡುವುದು ಆ ಡಬ್ಬಿಯ ಕೆಲಸವಂತೆ. ಇಷ್ಟು ವರ್ಷ ಕಿಡಿ ತಡವಾಗಿ ಬಿದ್ದು ಅರ್ಧ ಶಾಖ ಸೈಲೆನ್ಸರಿಗೆ ಹೋಗುತ್ತಿತ್ತು. ಹೊಸ ಡಬ್ಬಿ, ಎರಡಡಿ ಪೈಪು, ಕಾರ್ಬುರೇಟರ್ ಸ್ವಚ್ಛ ಮಾಡಿಸಿದ್ದು, ಎಲ್ಲ ಸೇರಿ 140 ಡಾಲರ್. ಈಗ 13.6. ಮೈಲಿಗಲ್ಲುಗಳ ಜೊತೆ ಹೋಲಿಸಿಯೇ ಬರೆಯುತ್ತಿದ್ದೇನೆ, ಒರೆಗಾನ್ ಅಣ್ಣ.

ಲೆಕ್ಕಿಗರ ಬೆಲೆಯಲ್ಲೇ ಹಾಕಿದೆ: ವರ್ಷಕ್ಕೆ 333 ಡಾಲರ್ ಉಳಿತಾಯ. 9,000 ಕೊಟ್ಟು ಗಳಿಸಬೇಕಿದ್ದುದರಲ್ಲಿ ಮೂರರಲ್ಲೆರಡು ಪಾಲು.

ಆದರೆ ನಿಜ ಹೇಳಿಬಿಡುತ್ತೇನೆ. ಮೊನ್ನೆ ಹುಲ್ಲಿನ ಅಂಗಡಿಯ ಮುಂದೆ ಒಂದು ಹಳೆಯ ಡಾಡ್ಜ್ ನಿಂತಿತ್ತು, ಎಂಜಿನ್ ಚಾಲೂ. ಕಣ್ಣು ಮುಚ್ಚಿ ಕೇಳಿದರೆ ಶಿರಾ ಬೈಪಾಸಿನ ಡಾಬಾದ ಮುಂದೆ ರಾತ್ರಿ ನಿಂತ ಲಾರಿ. ಆ ಸದ್ದಿಗೆ ಲೆಕ್ಕಿಗರು ಯಾವ ಕಲಂ ತೆರೆಯುತ್ತಾರೋ ಗೊತ್ತಿಲ್ಲ. ಒಂದೇ ಸಲಕ್ಕೆ ಬೇಡವೆಂದು, ಮೊದಲು ಎನ್‌ವಿ4500 ಒಂದನ್ನು ನೋಡಿಟ್ಟಿದ್ದೇನೆ. ಡೀಸೆಲ್ ಡಾಡ್ಜಿನದಲ್ಲ, ಶೆವ್ರೊಲೆಯದೇ. ಐದನೇ ಗೇರಿನ ನಟ್ಟು ಸಡಿಲವಾಗುತ್ತದೆ ಎನ್ನುತ್ತಾರೆ. ಕೊಳ್ಳುವ ಮುಂಚೆ ತಿಳಿಯುವುದು ಹೇಗೆ?

ಎರಡೂ ಆಕ್ಸಲ್, ಒರೆಗಾನ್

ಆ ನಟ್ಟು ಬಿಡುವುದು ಹೆಚ್ಚಾಗಿ ಡೀಸೆಲ್ ಎಂಜಿನ್ನಿನ ಹಿಂದೆ, ಅದರ ಪ್ರತಿ ಸ್ಫೋಟದ ಬಡಿತಕ್ಕೆ. ಪೆಟ್ರೋಲಿನ ಹಿಂದೆ ಅಪರೂಪ. ಆದರೂ ಹಿಂದಿನ ಭಾಗ ಬಿಚ್ಚಿ ತೋರಿಸಲು ಹೇಳಿ. ಐದನೇ ಗೇರು ಶಾಫ್ಟಿನ ಮೇಲೆ ಹಿಂದೆ ಮುಂದೆ ಜರುಗಿದರೆ, ಶಾಫ್ಟಿನ ಹಲ್ಲುಗಳು ಸವೆದು ಮಿನುಗುತ್ತಿದ್ದರೆ ಬೇಡ. ನಿಮ್ಮ 205 ಟ್ರಾನ್ಸ್‌ಫರ್ ಕೇಸಿಗೆ ಜೋಡಿಸಲು ಅಡಾಪ್ಟರ್ ಬೇಕು, ಅದನ್ನು ಗೇರ್ ಬಾಕ್ಸಿನ ಜೊತೆಗೇ ಕೇಳಿ, ಆಮೇಲೆ ಬೇರೆಯಾಗಿ ಕೊಂಡರೆ ದುಬಾರಿ. ಮತ್ತು ಆಯಿಲ್ ವಿಷಯದಲ್ಲಿ ಜಿಪುಣತನ ಮಾಡಬೇಡಿ: ಅದಕ್ಕೆ ಜಿಎಲ್‌-4 ದರ್ಜೆಯ ಸಿಂಥೆಟಿಕ್ಕೇ ಆಗಬೇಕು, ಆಕ್ಸಲಿಗೆ ಹಾಕುವ ಮಾಮೂಲಿ ಆಯಿಲ್ ಸುರಿಯಬೇಡಿ.

ಮೀಟರಿನ ಗೇರು ಎಷ್ಟು ಹಲ್ಲಿನದು ಎಂದು ಬಿಚ್ಚುವಾಗಲೇ ಎಣಿಸಿಟ್ಟುಕೊಳ್ಳಿ.